ಸೂಜಿಯಿಂದ ಇಳಿದ ತೂಕ ನಿಲ್ಲುವುದು ಹೇಗೆ?

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸುಗಳ ಮಾತನ್ನು ಈ ವೇದಿಕೆಯಿಂದ ಅನೇಕ ಸಲ ಆಡಿದ್ದೇವೆ. ಇಂದು ನಮ್ಮ ಹೊಟ್ಟೆಯ ಮಾತನ್ನು ಆಡೋಣವೆಂದಿದ್ದೇವೆ. ಸಂಘದ ಕೆಲಸದ ಮೇಲೆ ಇತ್ತೀಚೆಗೆ ವಿಜಯವಾಡಕ್ಕೂ ವಿಶಾಖಪಟ್ಟಣಕ್ಕೂ ಹೋಗಿಬಂದೆವು. ಹಳಬರು ಇಂದಿಗೂ ಬೆಜವಾಡ, ವಾಲ್ಟೇರು ಎಂದೇ ಕರೆಯುವ ಈ ಎರಡು ಊರುಗಳ ನಡುವೆ ರೈಲಿನಲ್ಲಿ ಸುಮಾರು ಮುನ್ನೂರೈವತ್ತು ಕಿಲೋಮೀಟರು ದೂರ. ಎರಡು ಕಡೆಯೂ ನಮ್ಮ ಉಡುಪಿ, ಕುಂದಾಪುರದ ಕಡೆಯವರು ಒಲೆಯ ಮುಂದೆಯೂ ಇದ್ದಾರೆ, ಗಲ್ಲೆಯ ಮೇಲೂ ಇದ್ದಾರೆ. ಎರಡು ಕಡೆಯೂ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಂತಲ್ಲ, ತೆಗೆದುಕೊಳ್ಳಬಹುದೋ?"

ನಾವು ವೈದ್ಯರಲ್ಲ. ಮಿಡ್ಲ್ ಸ್ಕೂಲಿನ ಓದು ಮುಗಿಸಿ, ಲೋಟ ತೊಳೆದು, ಮೇಜು ಒರೆಸಿ, ಸಪ್ಲಾಯರ್ ಆಗಿ ಬೆಳೆದವರು. ಆದರೆ ಪ್ರಶ್ನೆ ಕೇಳಿದವರು ನಮ್ಮವರು. ಆದುದರಿಂದ ತಿಳಿದ ವೈದ್ಯರನ್ನು ಕೇಳಿ, ಓದಿ, ಗೊತ್ತಾದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಈ ಔಷಧ ಏನೆಂಬುದನ್ನು ನೋಡೋಣ. ಊಟವಾದ ಮೇಲೆ ನಮ್ಮ ಕರುಳಿನಿಂದ ಜಿಎಲ್‌ಪಿ-1 ಎಂಬ ಒಂದು ರಸ ಹೊರಡುತ್ತದೆ. ಅದು ಮಿದುಳಿಗೆ "ಹೊಟ್ಟೆ ತುಂಬಿತು" ಎಂದು ಸುದ್ದಿ ಮುಟ್ಟಿಸುತ್ತದೆ. ಜಠರದಿಂದ ಅನ್ನ ಕೆಳಗಿಳಿಯುವುದನ್ನು ನಿಧಾನ ಮಾಡುತ್ತದೆ. ಸಕ್ಕರೆ ಏರಿದಾಗ ಇನ್ಸುಲಿನ್ ಹೊರಡಲು ನೆರವಾಗುತ್ತದೆ. ನಮ್ಮ ದೇಹದ ಈ ರಸ ಕೆಲವೇ ನಿಮಿಷಗಳಲ್ಲಿ ಕರಗಿಹೋಗುವಂಥದು. ಅದರ ಕೆಲಸವನ್ನೇ ಒಂದು ವಾರದವರೆಗೆ ಮಾಡುವಂತೆ ತಯಾರಿಸಿದ ಔಷಧ ಸೆಮಗ್ಲುಟೈಡ್. ಇದರ ಜೊತೆಗೆ ಕರುಳಿನ ಇನ್ನೊಂದು ರಸದ ಕೆಲಸವನ್ನೂ ಕೂಡಿಸಿ ಮಾಡಿದ್ದು ಟಿರ್ಜೆಪಟೈಡ್. ವಾರಕ್ಕೊಮ್ಮೆ ಚರ್ಮದ ಕೆಳಗೆ ಸಣ್ಣ ಸೂಜಿಯಿಂದ ಚುಚ್ಚಿಕೊಳ್ಳುವುದು. ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿ ಮೌಂಜಾರೋ ಎಂಬ ಹೆಸರಿನಿಂದ ನಮ್ಮ ದೇಶದ ಅಂಗಡಿಗೆ ಬಂತು. ಅದೇ ವರ್ಷ ಜೂನ್‌ನಲ್ಲಿ ಸೆಮಗ್ಲುಟೈಡ್ ವೆಗೋವಿ ಎಂಬ ಹೆಸರಿನಿಂದ ಬಂತು. 2026ರ ಮಾರ್ಚಿನಲ್ಲಿ ಸೆಮಗ್ಲುಟೈಡಿನ ಪೇಟೆಂಟಿನ ಅವಧಿ ಮುಗಿದು, ಬೇರೆ ಕಂಪನಿಗಳೂ ಅದನ್ನು ತಯಾರಿಸಲು ದಾರಿ ತೆರೆಯಿತು. ದೊಡ್ಡ ಮನೆಯವರ ಮಾತಾಗಿದ್ದ ಔಷಧ ಕೆಲಸಗಾರರ ಬಾಯಿಗೂ ಬಂದದ್ದು ಹೀಗೆ.

ಇದು ಹುಸಿ ಔಷಧವೆಂದು ನಾವು ಹೇಳುವುದಿಲ್ಲ. ಕೆಲಸ ಮಾಡುತ್ತದೆ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ 1,961 ಮಂದಿ ಇದ್ದರು. ಅರುವತ್ತೆಂಟು ವಾರ ಸೆಮಗ್ಲುಟೈಡ್ ತೆಗೆದುಕೊಂಡವರ ತೂಕ ಸರಾಸರಿ ನೂರಕ್ಕೆ 14.9ರಷ್ಟು ಇಳಿಯಿತು, ಔಷಧವಿಲ್ಲದ ಬರಿ ಸೂಜಿ ಚುಚ್ಚಿಕೊಂಡವರದು ನೂರಕ್ಕೆ 2.4 ಮಾತ್ರ. ಟಿರ್ಜೆಪಟೈಡಿನ ಪರೀಕ್ಷೆ 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ಅತಿ ಹೆಚ್ಚಿನ ಪ್ರಮಾಣದ ಔಷಧ ಪಡೆದವರ ತೂಕ ಎಪ್ಪತ್ತೆರಡು ವಾರದಲ್ಲಿ ನೂರಕ್ಕೆ 20.9ರಷ್ಟು ಇಳಿಯಿತು.

ಆದರೆ ಪತ್ರಿಕೆಯ ಜಾಹೀರಾತುಗಳಲ್ಲಿ ಕಾಣದ ಎರಡು ಸಂಗತಿಗಳಿವೆ. ಒಂದು, ಈ ಪರೀಕ್ಷೆಗಳಲ್ಲಿ ಯಾರಿಗೂ ಬರಿಯ ಸೂಜಿ ಕೊಟ್ಟು ಕಳಿಸಿರಲಿಲ್ಲ. ಸೆಮಗ್ಲುಟೈಡಿನ ಪರೀಕ್ಷೆಯಲ್ಲಿ ಎಲ್ಲರಿಗೂ ದಿನದ ಆಹಾರದಲ್ಲಿ 500 ಕ್ಯಾಲೊರಿ ಕಡಿಮೆ ಮಾಡಲು, ವಾರಕ್ಕೆ 150 ನಿಮಿಷ ನಡೆಯುವಂಥ ವ್ಯಾಯಾಮ ಮಾಡಲು ಹೇಳಿ, ತಿಂಗಳಿಗೊಮ್ಮೆ ಕರೆದು ಸಲಹೆ ಕೊಡುತ್ತಿದ್ದರು. ಎರಡು, ಔಷಧ ನಿಲ್ಲಿಸಿದ ಮೇಲೆ ಅವರಲ್ಲಿ ಕೆಲವರನ್ನು ಇನ್ನೂ ಒಂದು ವರ್ಷ ಗಮನಿಸಿದರು. ಔಷಧದ ಜೊತೆಗೆ ಆ ಸಲಹೆಯೂ ನಿಂತಿತ್ತು. ಇಳಿದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಆ ಒಂದು ವರ್ಷದಲ್ಲಿ ವಾಪಸು ಬಂದಿತ್ತು.

ವಿಜಯವಾಡದಲ್ಲಿ ಒಬ್ಬ ಅಡುಗೆ ಭಟ್ಟರನ್ನು ಕಂಡೆವು. ಹೆಸರು ಬೇಡ. ತೊಂಬತ್ತೆಂಟು ಕಿಲೋ ತೂಗುತ್ತಿದ್ದರು. ಮಂಡಿನೋವು, ರಕ್ತದೊತ್ತಡ ಎರಡೂ ಇದ್ದವು. 2025ರಲ್ಲಿ ವೈದ್ಯರು ಬರೆದುಕೊಟ್ಟಂತೆ ನಾಲ್ಕು ತಿಂಗಳು ಇಂಜೆಕ್ಷನ್ ತೆಗೆದುಕೊಂಡರು. ಆಗಿನ ಬೆಲೆ ವಾರಕ್ಕೆ ಮೊದಲ ತಿಂಗಳು 3,500 ರೂಪಾಯಿ, ಮುಂದೆ 4,375. ನಾಲ್ಕು ತಿಂಗಳಿಗೆ 66,500 ರೂಪಾಯಿ. ಚೀಟಿ ಎತ್ತಿ ಕೊಟ್ಟರು. ಎಂಟು ಕಿಲೋ ಇಳಿಯಿತು. "ಹಸಿವೇ ಇಲ್ಲ ಮಾರಾಯ್ರೆ, ನೂರು ದೋಸೆ ಹೊಯ್ದರೂ ಒಂದು ಚೂರು ಬಾಯಿಗೆ ಹಾಕಬೇಕೆಂದು ಅನಿಸುವುದಿಲ್ಲ" ಎಂದು ಆಗ ಎಲ್ಲರಿಗೂ ಹೇಳುತ್ತಿದ್ದರಂತೆ. ಆ ನಾಲ್ಕು ತಿಂಗಳು ಅವರು ತಿಂದದ್ದೇನು? ಬೆಳಿಗ್ಗೆ ಎರಡು ಕಾಫಿ, ಮಧ್ಯಾಹ್ನ ಎರಡು ತುತ್ತು ಅನ್ನ ಸಾರು, ರಾತ್ರಿ ಒಂದು ಲೋಟ ಮಜ್ಜಿಗೆ. ಮಗಳ ಕಾಲೇಜಿನ ಫೀಸಿನ ಹೊತ್ತಿಗೆ ದುಡ್ಡು ಮುಗಿಯಿತು, ಸೂಜಿ ನಿಂತಿತು, ಹಸಿವು ಹಿಂದಿರುಗಿತು. ನಾವು ಕಂಡಾಗ ಆರು ಕಿಲೋ ವಾಪಸು ಬಂದಿತ್ತು. ಚೀಟಿಯ ಕಂತು ಇನ್ನೂ ಕಟ್ಟುತ್ತಿದ್ದರು. "ಮೊದಲು ಹಿಟ್ಟಿನ ಕೊಪ್ಪರಿಗೆ ಒಬ್ಬನೇ ಎತ್ತುತ್ತಿದ್ದೆ, ಈಗ ಇಬ್ಬರು ಬೇಕು" ಎಂದರು.

ಈ ಕೊನೆಯ ಮಾತನ್ನು ಗಮನಿಸಿರಿ. ತೂಕ ಬೇಗ ಇಳಿಯುವಾಗ ಕೊಬ್ಬು ಮಾತ್ರ ಇಳಿಯುವುದಿಲ್ಲ, ಮಾಂಸಖಂಡವೂ ಇಳಿಯುತ್ತದೆ. ಇಳಿದದ್ದರಲ್ಲಿ ನಾಲ್ಕನೆಯ ಒಂದು ಪಾಲೋ, ಕೆಲವರಲ್ಲಿ ಅದಕ್ಕೂ ಹೆಚ್ಚೋ ಹೀಗೆ ಹೋಗಬಹುದೆಂದು ಪರೀಕ್ಷೆಗಳಲ್ಲಿ ಕಂಡಿದೆ. ಹಿಂದಿರುಗಿ ಬರುವಾಗ ಬಹುಪಾಲು ಕೊಬ್ಬಾಗಿ ಬರುತ್ತದೆ. ಕುರ್ಚಿಯ ಮೇಲೆ ಕೂತು ದುಡಿಯುವವರಿಗೆ ಇದು ಸಣ್ಣ ನಷ್ಟವಾಗಿ ಕಾಣಬಹುದು. ತೋಳು ಕಾಲುಗಳ ಬಲವನ್ನೇ ಮಾರಿ ಉಣ್ಣುವ ನಮಗೆ ಅದು ಬಂಡವಾಳದ ನಷ್ಟ.

ಭಟ್ಟರ ನಾಲಿಗೆ ಹತೋಟಿಯಲ್ಲಿಲ್ಲವೆಂದು ಯಾರೂ ಹಳಿಯಬಾರದು. ತೂಕ ಇಳಿದ ದೇಹ ಹಳೆಯ ತೂಕಕ್ಕೆ ಹಿಂದಿರುಗಲು ತಾನಾಗಿ ಎಳೆಯುತ್ತದೆ. ಹಸಿವನ್ನು ಹೆಚ್ಚಿಸುತ್ತದೆ, ಖರ್ಚನ್ನು ತಗ್ಗಿಸುತ್ತದೆ. ರಕ್ತದೊತ್ತಡದ ಮಾತ್ರೆ ನಿಲ್ಲಿಸಿದರೆ ಒತ್ತಡ ಏರುವ ಹಾಗೆಯೇ ಇದು. ಕೆಲವರಿಗೆ ಔಷಧ ಬಹುಕಾಲ ಬೇಕಾಗಬಹುದು. ಆದುದರಿಂದ ಶುರುಮಾಡುವ ಮೊದಲೇ ವೈದ್ಯರನ್ನು ಕೇಳತಕ್ಕದ್ದು: ಎಷ್ಟು ಕಾಲ? ತಿಂಗಳಿಗೆ ಎಷ್ಟು? ನಿಲ್ಲಿಸುವುದಾದರೆ ಹೇಗೆ? ಮೂರು ತಿಂಗಳಿಗಾಗುವಷ್ಟೇ ಹಣವಿರುವವನು ಸಾಲ ಮಾಡಿ ಶುರುಮಾಡುವುದು ಬುದ್ಧಿವಂತಿಕೆಯಲ್ಲ.

ಔಷಧ ಒಲೆಯ ಉರಿ ತಗ್ಗಿಸುತ್ತದೆ. ಉರಿ ತಗ್ಗಿದ ಹೊತ್ತಿನಲ್ಲಿ ಅಡುಗೆ ಸರಿಮಾಡಿಕೊಳ್ಳಬೇಕಾದವರು ನಾವು. ಡೆನ್ಮಾರ್ಕ್ ದೇಶದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. 195 ಮಂದಿ ಮೊದಲು ಎಂಟು ವಾರ ಪಥ್ಯ ಮಾಡಿ ಸರಾಸರಿ 13.1 ಕಿಲೋ ಇಳಿಸಿದರು. ಬಳಿಕ ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಲಿರಾಗ್ಲುಟೈಡ್ ಎಂಬ ಇದೇ ಜಾತಿಯ ಹಳೆಯ ಔಷಧ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಯಾವುದೂ ಇಲ್ಲ. ಒಂದು ವರ್ಷದ ಕೊನೆಗೆ ಎರಡನ್ನೂ ಕೂಡಿಸಿ ನಡೆಸಿದವರೇ ಮುಂದಿದ್ದರು. ಅವರ ಮೈಯ ಕೊಬ್ಬಿನ ಅಂಶ ಎಲ್ಲರಿಗಿಂತ ಹೆಚ್ಚು ತಗ್ಗಿತ್ತು. ಇದು 2021ರ ವರದಿ. ಎಲ್ಲವನ್ನೂ ನಿಲ್ಲಿಸಿ ಮತ್ತೆ ಒಂದು ವರ್ಷ ಕಳೆದ ಮೇಲೆ ಏನಾಯಿತೆಂಬುದು 2024ರಲ್ಲಿ ಪ್ರಕಟವಾಯಿತು. ಬರಿ ಔಷಧ ತೆಗೆದುಕೊಂಡಿದ್ದವರ ತೂಕ ಹೆಚ್ಚಾಗಿ ವಾಪಸಾಗಿತ್ತು. ವ್ಯಾಯಾಮದ ರೂಢಿ ಮಾಡಿಕೊಂಡಿದ್ದವರು ಅವರಿಗಿಂತ ಚೆನ್ನಾಗಿ ಉಳಿಸಿಕೊಂಡಿದ್ದರು. ಔಷಧ ನಿಂತ ಮೇಲೂ ರೂಢಿ ಸ್ವಲ್ಪವಾದರೂ ಜೊತೆಗಿರುತ್ತದೆ ಎಂಬುದೇ ಇದರ ಪಾಠ.

ವಿಶಾಖಪಟ್ಟಣದಲ್ಲಿ ಚಪಾತಿ ಮಾಡುವ ಕೆಲಸದ ಒಬ್ಬ ಅಕ್ಕನನ್ನು ಕಂಡೆವು. ಸಕ್ಕರೆ ಕಾಯಿಲೆಯೂ ಇದ್ದುದರಿಂದ ವೈದ್ಯರು ಈ ಔಷಧ ಕೊಟ್ಟಿದ್ದರು. ಆಕೆ ಮೊದಲ ವಾರದಿಂದಲೇ ಊಟದ ಕ್ರಮ ಬದಲಿಸಿದ್ದರು. ತಟ್ಟೆಗೆ ಮೊದಲು ಬೇಳೆ ಅಥವಾ ಮೊಟ್ಟೆ, ಆಮೇಲೆ ಪಲ್ಯ, ಕೊನೆಗೆ ಅನ್ನ. "ಹೊಟ್ಟೆಯಲ್ಲಿ ಜಾಗ ಕಡಿಮೆ ತಮ್ಮಾ, ಇರುವ ಜಾಗಕ್ಕೆ ಒಳ್ಳೆಯದನ್ನೇ ಹಾಕಬೇಕಲ್ಲ" ಎಂದರು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಅರ್ಧ ಗಂಟೆ ಸಮುದ್ರದ ದಂಡೆಯ ರಸ್ತೆಯಲ್ಲಿ ನಡೆಯುತ್ತಾರೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ದಿನಕ್ಕೆ ಮೂವತ್ತು ಸಲ ಮಾಡುತ್ತಾರೆ. ಭಟ್ಟರಷ್ಟು ಬೇಗ ಅವರ ತೂಕ ಇಳಿಯಲಿಲ್ಲ. ಆದರೆ ಒಂದು ವರ್ಷ ಕಳೆದರೂ ಇಳಿದದ್ದು ಇಳಿದ ಹಾಗೇ ಇದೆ; ಮೆಟ್ಟಿಲು ಹತ್ತುವಾಗ ಏದುಸಿರಿಲ್ಲ. ಅವರು ಔಷಧವನ್ನೂ ಬಿಟ್ಟಿಲ್ಲ, ರೂಢಿಯನ್ನೂ ಬಿಟ್ಟಿಲ್ಲ.

ಹಾಗಾದರೆ ನಮ್ಮಂಥವರು ಮಾಡಬೇಕಾದ್ದೇನು? ಔಷಧ ತೆಗೆದುಕೊಳ್ಳುವವರೂ ಕೇಳಲಿ, ತೆಗೆದುಕೊಳ್ಳದವರೂ ಕೇಳಲಿ.

ಮೊದಲು ಅಳತೆ. ನಮ್ಮ ದೇಶದವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಕೊಬ್ಬು ಕೂಡಿ ಸಕ್ಕರೆ ಕಾಯಿಲೆ ಬರುತ್ತದೆ. ಅದಕ್ಕೇ ಇಲ್ಲಿಯ ವೈದ್ಯರು ಬಿಎಂಐ 25 ಆದರೆ ಬೊಜ್ಜೆಂದು ಎಣಿಸುತ್ತಾರೆ. ಐದು ಅಡಿ ಐದು ಅಂಗುಲ ಎತ್ತರದವನಿಗೆ ಅದು ಸುಮಾರು 68 ಕಿಲೋ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮೀರಬಾರದು. ಟೇಪು ಇಲ್ಲದಿದ್ದರೆ ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಎರಡಾಗಿ ಮಡಿಸಿ ಸೊಂಟಕ್ಕೆ ಸುತ್ತಿರಿ. ತುದಿಗಳು ಸೇರದಿದ್ದರೆ ಎಚ್ಚರ ಬೇಕು. ಆದರೆ ಬೊಜ್ಜಿರುವ ಎಲ್ಲರಿಗೂ ಸೂಜಿ ಬೇಕಿಲ್ಲ. ಬಿಎಂಐ 30 ಮೀರಿದವರಿಗೆ, ಅಥವಾ 27 ಮೀರಿ ಜೊತೆಗೆ ಸಕ್ಕರೆ, ರಕ್ತದೊತ್ತಡದಂಥ ಕಾಯಿಲೆ ಇದ್ದವರಿಗೆ ಎಂಬುದು ಸಾಮಾನ್ಯ ನಿಯಮ. ಅದೇ ಎತ್ತರದವನಿಗೆ 30 ಎಂದರೆ ಸುಮಾರು 82 ಕಿಲೋ.

ಎರಡನೆಯದು ಸಕ್ಕರೆ. ಹೋಟೆಲಿನವರಿಗೆ ಚಹಾ ಕಾಫಿಗೆ ಲೆಕ್ಕವಿಲ್ಲ. ದಿನಕ್ಕೆ ಎಂಟು ಲೋಟ, ಲೋಟಕ್ಕೆ ಎರಡು ಚಮಚ ಎಂದಿಟ್ಟುಕೊಳ್ಳಿರಿ. ಹದಿನಾರು ಚಮಚ, ಎಂಬತ್ತು ಗ್ರಾಂ ಸಕ್ಕರೆ, 320 ಕ್ಯಾಲೊರಿ. ಆ ಪರೀಕ್ಷೆಯಲ್ಲಿ ಕಡಿಮೆ ಮಾಡಲು ಹೇಳಿದ 500ರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಲೋಟದಲ್ಲೇ ಇದೆ. ಇದನ್ನು ಬಿಡಲು ಕಾಸು ಖರ್ಚಿಲ್ಲ.

ಮೂರನೆಯದು ಮಾಂಸಖಂಡ ಉಳಿಸುವ ಆಹಾರ, ಅಂದರೆ ಪ್ರೋಟೀನು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ ದಿನದ ಕ್ಯಾಲೊರಿಯಲ್ಲಿ ಅಕ್ಕಿ ಗೋಧಿಗಳ ಪಾಲು ನೂರಕ್ಕೆ 45 ಮೀರಬಾರದು. ನಮ್ಮ ತಟ್ಟೆಯಲ್ಲಿ ಅನ್ನವೇ ಮುಕ್ಕಾಲು. ಬದಲಿಸಲು ದೂರ ಹೋಗಬೇಕಾಗಿಲ್ಲ. ಆಂಧ್ರದವರ ಪೆಸರಟ್ಟು ಎಂದರೆ ಇಡೀ ಹೆಸರುಕಾಳಿನ ದೋಸೆ. ಐವತ್ತು ಗ್ರಾಂ ಹೆಸರಿನಲ್ಲಿ ಹನ್ನೆರಡು ಗ್ರಾಂ ಪ್ರೋಟೀನು, ಎರಡು ಮೊಟ್ಟೆಯಷ್ಟು. ಎಣ್ಣೆ ಕಡಿಮೆ ಹಾಕಿ ಹೊಯ್ದರೆ ಅದಕ್ಕಿಂತ ಒಳ್ಳೆಯ ತಿಂಡಿ ಯಾವುದು? ವಿಜಯವಾಡದ ಕಡೆಯ ಉಲವಚಾರು ನಮ್ಮ ಹುರುಳಿ ಸಾರಿನ ಅಣ್ಣ. ವಿಶಾಖದ ಕಡೆಯ ಹಳ್ಳಿಯವರು ಚೋಡಿ ಎನ್ನುವುದು ನಮ್ಮ ರಾಗಿಯನ್ನೇ. ಅವರ ಅಂಬಲಿ ನಮಗೆ ಹೊಸದಲ್ಲ. ರಾತ್ರಿ ಹನ್ನೊಂದಕ್ಕೆ ಉಳಿದ ವಡೆ, ಬೋಂಡ ತಿಂದು ಮಲಗುವ ಪದ್ಧತಿಯನ್ನು ಮಾತ್ರ ಬಿಡಬೇಕು. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನಿನ ಲೆಕ್ಕವನ್ನು ವೈದ್ಯರಿಂದಲೇ ಕೇಳಿಕೊಳ್ಳಬೇಕು.

ನಾಲ್ಕನೆಯದು ಬಲದ ವ್ಯಾಯಾಮ. "ದಿನವೆಲ್ಲ ನಿಂತೇ ಇರುತ್ತೇವಲ್ಲ, ಮತ್ತೇನು ವ್ಯಾಯಾಮ?" ಎಂದು ಕೇಳುತ್ತಾರೆ. ಸಾಂಚೆಯ ಮುಂದೆ, ಕಾವಲಿಯ ಮುಂದೆ ನಿಂತರೆ ಕಾಲು ಸೋಲುತ್ತದೆ; ಬಲಿಯುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಬಸ್ಕಿ, ಗೋಡೆಗೆ ಕೈಯೂರಿ ದಂಡ, ನೀರು ತುಂಬಿದ ಬಾಟಲಿ ಎತ್ತುವುದು, ಇಷ್ಟು ಸಾಕು. 2025ರ ಜೂನ್ 21ರಂದು ವಿಶಾಖದ ಆರ್.ಕೆ. ಬೀಚಿನಲ್ಲಿ ಯೋಗ ದಿನಕ್ಕೆ ಮೂರು ಲಕ್ಷದಷ್ಟು ಜನ ಸೇರಿದ್ದರು. ಸಂತೋಷ. ಆದರೆ ದೇಹಕ್ಕೆ ಹಬ್ಬದ ದಿನವೊಂದೇ ಸಾಲದು, ವಾರದ ದಿನಗಳೂ ಬೇಕು.

ಐದನೆಯದು ನಿದ್ರೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿ ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುವವನಿಗೆ, ರಾತ್ರಿಪಾಳಿಯ ಗಿರಣಿಯವನಿಗೆ, ನಿದ್ರೆಗೆಟ್ಟ ಮರುದಿನ ಹಸಿವು ಹೆಚ್ಚುವುದು ಗೊತ್ತೇ ಇದೆ. ಅದು ಚಪಲವಲ್ಲ, ನಿದ್ರೆ ಕಡಿಮೆಯಾದರೆ ದೇಹ ಹಸಿವಿನ ರಸವನ್ನು ಹೆಚ್ಚಿಸುತ್ತದೆ.

ಇನ್ನು ಅಪಾಯದ ಮಾತು. ಈ ಔಷಧದಿಂದ ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ. ಪ್ರಮಾಣವನ್ನು ನಿಧಾನವಾಗಿ ಏರಿಸುವುದು ಅದಕ್ಕೇ. ಪಿತ್ತಕೋಶದ ಕಲ್ಲು ಆಗಬಹುದು; ಅಪರೂಪಕ್ಕೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ತಡೆಯಲಾಗದ ಹೊಟ್ಟೆನೋವು ಬೆನ್ನಿಗೆ ಹರಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಬಸುರಿಯರು ತೆಗೆದುಕೊಳ್ಳಬಾರದು. ಮೆಡುಲ್ಲರಿ ಎಂಬ ಜಾತಿಯ ಥೈರಾಯಿಡ್ ಕ್ಯಾನ್ಸರ್ ಮನೆತನದಲ್ಲಿದ್ದವರಿಗೂ ಇದು ಸಲ್ಲದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡಿನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಥಟ್ಟನೆ ಇಳಿಯಬಹುದು. ಆ ಮಾತ್ರೆಗಳ ಪ್ರಮಾಣವನ್ನು ವೈದ್ಯರು ತಿದ್ದಬೇಕಾಗುತ್ತದೆ. ನಮಗೆ ಮುಖ್ಯವಾದ ಇನ್ನೊಂದು ಅಪಾಯವಿದೆ. ವಿಜಯವಾಡದ ಬೇಸಿಗೆಯನ್ನು ಕಂಡವರು ಆ ಊರನ್ನು ಬ್ಲೇಜ್‌ವಾಡ ಎಂದು ತಮಾಷೆ ಮಾಡುತ್ತಾರೆ. ಆ ಬಿಸಿಲಿನಲ್ಲಿ ಒಲೆಯ ಮುಂದೆ ಬೆವರುವವನಿಗೆ ಈ ಔಷಧದಿಂದ ವಾಂತಿ ಭೇದಿಯೂ ಆದರೆ, ಊಟ ನೀರು ಬೇಡವೆನಿಸಿದರೆ, ದೇಹದ ನೀರು ಬತ್ತಿ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಬಾಯಾರದಿದ್ದರೂ ಗಂಟೆಗೊಮ್ಮೆ ನೀರು ಕುಡಿಯಬೇಕು.

ಅಂಗಡಿಯಿಂದ ಚೀಟಿಯಿಲ್ಲದೆ ಕೊಳ್ಳುವುದು, ಒಬ್ಬರ ಪೆನ್ನಿನಿಂದ ಇನ್ನೊಬ್ಬರು ಚುಚ್ಚಿಕೊಳ್ಳುವುದು ಕೂಡದು. ತೂಕದ ಔಷಧಗಳ ಹಳೆಯ ಚರಿತ್ರೆ ನೆನಪಿರಲಿ. ಹೃದಯದ ಕವಾಟ ಕೆಡಿಸಿದ ಫೆನ್‌ಫ್ಲೂರಮೈನನ್ನು ಅಮೆರಿಕದಲ್ಲಿ 1997ರಲ್ಲಿ ಹಿಂದೆಗೆದುಕೊಂಡರು. ಹೃದಯಾಘಾತದ ಭಯದಿಂದ ಸಿಬುಟ್ರಮೈನನ್ನು ನಮ್ಮ ಸರ್ಕಾರ 2011ರಲ್ಲಿ ನಿಲ್ಲಿಸಿತು. ಈಗಿನ ಔಷಧಗಳು ಅವುಗಳಿಗಿಂತ ಬಹಳ ಚೆನ್ನಾಗಿ ಪರೀಕ್ಷೆಗೊಂಡವು, ನಿಜ. ಆದರೂ ವೈದ್ಯರ ಕಣ್ಣು ತಪ್ಪಿಸಿ ತೆಗೆದುಕೊಳ್ಳುವಂಥವಲ್ಲ.

ವೈದ್ಯರೆಲ್ಲಿ ಎಂದು ಕೇಳುತ್ತೀರಿ. ಹತ್ತು ಮಂದಿಗೆ ಕಡಿಮೆಯಿಲ್ಲದ ಹೋಟೆಲಿಗೆ ಇ.ಎಸ್.ಐ. ವಿಮೆ ಸಲ್ಲುತ್ತದೆ. 2017ರಲ್ಲಿ ನಿಗದಿಯಾದ ಸಂಬಳದ ಮಿತಿ 21,000 ರೂಪಾಯಿ. ಕೆಲಸಗಾರನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ. 18,000 ಸಂಬಳದವನಿಗೆ ತಿಂಗಳಿಗೆ 135 ರೂಪಾಯಿ. ವಿಶಾಖದ ಮಲ್ಕಾಪುರದಲ್ಲಿಯೂ ವಿಜಯವಾಡದ ಗುಣದಲದಲ್ಲಿಯೂ ಇ.ಎಸ್.ಐ. ಆಸ್ಪತ್ರೆಗಳಿವೆ. ಹಾಗಿದ್ದೂ ನಾವು ಕಂಡವರಲ್ಲಿ ಅನೇಕರ ಬಳಿ ಕಾರ್ಡೇ ಇರಲಿಲ್ಲ. ಸಾವಿರಾರು ರೂಪಾಯಿಯ ಸೂಜಿಗೆ ಮೊದಲು ನೂರಮೂವತ್ತೈದು ರೂಪಾಯಿಯ ಹಕ್ಕನ್ನು ಕೇಳಿ ಪಡೆಯಿರಿ. ರಕ್ತ, ಒತ್ತಡ, ಸಕ್ಕರೆಗಳ ಪರೀಕ್ಷೆ ಅಲ್ಲಿಂದ ಶುರುವಾಗಲಿ.

ಕೊನೆಯ ಮಾತು. ಪಥ್ಯ ಮಾಡು, ನಡೆ, ನಿದ್ರೆ ಮಾಡು ಎಂದು ಒಬ್ಬೊಬ್ಬರಿಗೆ ಹೇಳುವುದು ಸುಲಭ. ಮಾಡಲು ಹೊತ್ತು ಬೇಕಲ್ಲ? ಆಂಧ್ರದಲ್ಲಿ 2025ರಲ್ಲಿ ಕಾನೂನು ತಿದ್ದಿ ದಿನದ ದುಡಿಮೆಯ ಮಿತಿಯನ್ನು ಹತ್ತು ಗಂಟೆಗೆ ಏರಿಸಿದರು; ವಾರಕ್ಕೆ 48 ಗಂಟೆಯ ಮಿತಿಯನ್ನು ಉಳಿಸಿದರು. ಹಾಗಿರುವಾಗ ವಾರದ ಲೆಕ್ಕವನ್ನು ನಾವು ಬರೆದಿಡಲೇಬೇಕು. ಕೂತು ಉಣ್ಣಲು ಅರ್ಧ ಗಂಟೆ, ಕೆಲಸಗಾರರ ಊಟದಲ್ಲಿ ದಿನವೂ ಒಂದು ಗಟ್ಟಿ ಬೇಳೆ ಅಥವಾ ಕಾಳು, ಒಂದು ತರಕಾರಿ, ಎರಡು ಪಾಳಿಗಳ ನಡುವೆ ಏಳು ಗಂಟೆಯ ನಿದ್ರೆಗೆ ಎಡೆ, ಒಲೆಯ ಬಳಿ ಕುಡಿಯುವ ನೀರು. ಧಣಿಗಳ ಮುಂದೆ ಇಡಲು ಇವು ದೊಡ್ಡ ಬೇಡಿಕೆಗಳಲ್ಲ. ಗಿರಾಕಿಗೆ ನೂರು ಬಗೆ ಬಡಿಸುವ ಅಡುಗೆಮನೆಯಲ್ಲಿ ಬಡಿಸುವವನಿಗೆ ಒಂದು ಸೌಟು ಹುರುಳಿ ಹೆಚ್ಚಲ್ಲ.

ಮುಂದಿನ ತಿಂಗಳಿಂದ ಸಂಘದ ಕಚೇರಿಯಲ್ಲಿ ಒಂದು ತೂಕದ ಯಂತ್ರವನ್ನೂ ಒಂದು ಟೇಪನ್ನೂ ಇಡೋಣ. ಔಷಧ ತೆಗೆದುಕೊಳ್ಳುವವರು ನಾಚಿಕೆಪಡದೆ ಬಂದು ಹೆಸರು ಬರೆಸಲಿ. ತಿಂಗಳಿಗೊಮ್ಮೆ ತೂಕ, ಸೊಂಟ, ಊಟದ ಲೆಕ್ಕ ನೋಡೋಣ. ಬಿಟ್ಟವರೂ ಬರಲಿ. ವಿಜಯವಾಡದ ಭಟ್ಟರಿಗೂ ಕಾಗದ ಬರೆದಿದ್ದೇವೆ: ವೈದ್ಯರನ್ನು ಮತ್ತೆ ಕಾಣಿರಿ, ಅಷ್ಟರೊಳಗೆ ಬೆಳಗಿನ ಕಾಫಿಯ ಸಕ್ಕರೆ ಬಿಟ್ಟು ಎರಡು ಪೆಸರಟ್ಟು ತಿನ್ನಿರಿ, ದಿನಕ್ಕೆ ಹತ್ತು ಬಸ್ಕಿಯಿಂದ ಶುರುಮಾಡಿರಿ ಎಂದು.